“ಅದು ಹಳೇ ಬೋರ್ಡು” ಅಂದರೆ ನಂಬಬೇಡಿ: 1080 ವಿಷಕ್ಕೆ ನಮ್ಮ ಕೆಂಚ ಹೋದ

ಸಿಡ್ನಿ ಕಡೆ ನಾಯಿ ಸಾಕಿರುವ ನಮ್ಮವರು ದಯವಿಟ್ಟು ಇದನ್ನು ಪೂರ್ತಿ ಓದಿ. ರಜೆಗೆ ಅಂತ ಕಾಡಿನ ಪಕ್ಕ ಮನೆ ಬುಕ್ ಮಾಡುವ ಮೊದಲೇ ಓದಿ. 1080 ಅಂದರೆ ಕಾಡುನಾಯಿ, ನರಿ ಕೊಲ್ಲಲು ಮಾಂಸದ ತುಂಡಿನಲ್ಲಿ ಇಡುವ ವಿಷ. ಅದನ್ನು ತಿಂದು ನಮ್ಮ ನಾಯಿ ಕೆಂಚ ಸತ್ತು 12 ದಿನ ಆಯಿತು. ನಾಲ್ಕು ವರ್ಷದ ಕೆಲ್ಪಿ (ಕುರಿ ಕಾಯುವ ತಳಿ), 20 ಕೆಜಿ.

ನ್ಯಾಷನಲ್ ಪಾರ್ಕಿಗೆ ನಾಯಿ ಬಿಡುವುದಿಲ್ಲ, ಸ್ಟೇಟ್ ಫಾರೆಸ್ಟಿಗೆ ಬಿಡುತ್ತಾರೆ. ಅದಕ್ಕೇ ಅಲ್ವಾ ನಾವೆಲ್ಲ ಅಲ್ಲಿಗೆ ಹೋಗುವುದು? ಬುಕ್ ಮಾಡುವಾಗ ಎರಡು ಸಲ ಕೇಳಿದ್ದೆ, ನಾಯಿ ಇದೆ, ತೊಂದರೆ ಇಲ್ವಾ ಅಂತ. “ನಾಯಿಗೆ ಹೇಳಿ ಮಾಡಿಸಿದ ಜಾಗ” ಅಂದರು ಮನೆ ಯಜಮಾನರು.

ಹಿತ್ತಲ ಗೇಟು ದಾಟಿದರೆ ಕಾಡು. ಗೇಟಿನ ಕಂಬದಲ್ಲಿ ಬೋರ್ಡು: 1080 ವಿಷ ಇಟ್ಟಿದೆ, ನಾಯಿ ತರಬೇಡಿ. ನೋಡಿದೆ. ಓದಿದೆ. ದಿನಾಂಕ ಬರೆಯುವ ಜಾಗದಲ್ಲಿ ಮಾರ್ಕರ್ ಶಾಯಿ ಬಿಸಿಲಿಗೆ ಅಳಿಸಿಹೋಗಿ ಒಂದು 2 ಮಾತ್ರ ಉಳಿದಿತ್ತು. ವಾಪಸ್ ಹೋಗಿ ಯಜಮಾನರನ್ನೇ ಕೇಳಿದೆ. “ಅಯ್ಯೋ, ಅದು ಹಳೇದು. ಯಾರೂ ಬಿಚ್ಚಲ್ಲ. ಧಾರಾಳವಾಗಿ ಹೋಗಿ.” ಕಣ್ಣೆದುರಿನ ಬೋರ್ಡು ಬಿಟ್ಟು ಆ ಮಾತನ್ನು ನಂಬಿದೆ. ಇದನ್ನು ಬರೆಯುವಾಗಲೂ ನಾಚಿಕೆ ಆಗುತ್ತಿದೆ. ಓದಿದ್ದೆ, ಆದರೂ ನಂಬಿದೆ.

ಕೆಂಚನ ಬೆಲ್ಟು ನನ್ನ ಕೈಯಲ್ಲೇ ಇತ್ತು. ದಾರಿ ಪಕ್ಕ ಒಣ ಮಾಂಸದ ತುಂಡಿನಂಥದ್ದು ಏನನ್ನೋ ಗಬಕ್ಕನೆ ನುಂಗಿದ. ಎರಡು ಗಂಟೆ ಬಿಟ್ಟು ವಾಂತಿ. ಆಮೇಲೆ ಕೂಗು. ಅಂಥ ಕೂಗು ಅವನ ಬಾಯಲ್ಲಿ ಯಾವತ್ತೂ ಕೇಳಿರಲಿಲ್ಲ. ಗೋಡೆಯಿಂದ ಗೋಡೆಗೆ ಬಡಿದುಕೊಂಡು ಓಡಿದ. ಕಾರಿನಲ್ಲಿ ಫಿಟ್ಸ್ ಶುರುವಾಯಿತು. ಇದಕ್ಕೆ ಪ್ರತಿವಿಷ ಅಂತ ಒಂದಿಲ್ಲ, ಅಂದರು ವೆಟ್. ಕಾಡುನಾಯಿಗೆ ಇಡುವ ಒಂದು ತುಂಡಿನಲ್ಲಿ 6 ಮಿಲಿಗ್ರಾಂ ವಿಷ ಇರುತ್ತದಂತೆ. ಕೆಂಚನಷ್ಟು ನಾಯಿಗೆ ಅದರಲ್ಲಿ ಅರ್ಧವೂ ಬೇಡ.

ಕುರಿಮರಿ ಕಳೆದುಕೊಳ್ಳುವ ರೈತರ ಕಷ್ಟ ನನಗೂ ಅರ್ಥವಾಗುತ್ತದೆ. ವಿಷ ಇಡಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಅದಕ್ಕೊಂದು ನಿಯಮ ಇದೆ ಅಲ್ವಾ? ಇಡುವ 3 ದಿನ ಮೊದಲೇ ನೆರೆಯವರಿಗೆ ತಿಳಿಸಬೇಕು, ಬೋರ್ಡು ಹಾಕಬೇಕು, ಮುಗಿದ ಮೇಲೂ 4 ವಾರ ಅದು ಅಲ್ಲೇ ಇರಬೇಕು. ಓದಲು ಬಾರದ ದಿನಾಂಕ ಇಟ್ಟುಕೊಂಡು ಏನು ಮಾಡುವುದು? ಅವಧಿ ಮುಗಿದ ಮೇಲೂ ಬಿಚ್ಚದೆ ಬಿಟ್ಟರೆ ಜನ ಅದನ್ನು ಯಾಕೆ ನಂಬುತ್ತಾರೆ?

ಕಾಡು ನೋಡಿಕೊಳ್ಳುವ ಕಚೇರಿಗೆ ದೂರು ಬರೆದೆ. ಬಂದ ಉತ್ತರ: “ಬೋರ್ಡು ನೋಡಿದ್ದಾಗಿ ನೀವೇ ಬರೆದಿದ್ದೀರಿ.” ಅಷ್ಟೇ. ನನ್ನ ದೂರನ್ನೇ ನನ್ನ ಬಾಯಿಗೆ ತುರುಕಿದರು. ಕೆಳಗೆ ಇನ್ನೊಂದು ಸಾಲು: ಅಕ್ಕಪಕ್ಕದ ಎಲ್ಲ ಜಮೀನಿನವರಿಗೂ ಮೊದಲೇ ನೋಟಿಸ್ ಕಳಿಸಿದ್ದೇವೆ.

ಎಲ್ಲ ಅಂದರೆ ನಮ್ಮ ಯಜಮಾನರಿಗೂ! ಫೋನ್ ಮಾಡಿದೆ. “ಮೇಲ್ ಬಂದಿತ್ತು, ತೆರೆದಿರಲಿಲ್ಲ” ಅಂದರು. ಮೇಲ್ ತೆರೆಯದವರು “ಅದು ಹಳೇದು” ಅಂತ ಅಷ್ಟು ಗಟ್ಟಿಯಾಗಿ ಹೇಗೆ ಹೇಳಿದರು? ಕೇಳಿದೆ. “ನಾಯಿಗೆ ಒಳ್ಳೇದು ಅಂದಿದ್ದು ಮನೆ. ಕಾಡು ನನ್ನದಲ್ಲ.”

ಬೋರ್ಡು ಎಷ್ಟೇ ಹಳೇದಾಗಿ ಕಂಡರೂ ಒಳಗೆ ಹೋಗಬೇಡಿ. ಮನೆಯವರನ್ನು ಕೇಳಬೇಡಿ, ಕಾಡು ನೋಡಿಕೊಳ್ಳುವ ಕಚೇರಿಗೇ ಫೋನ್ ಮಾಡಿ, ಉತ್ತರ ಬರಹದಲ್ಲಿ ತರಿಸಿಕೊಳ್ಳಿ. ನಾಯಿಗೆ ಬಾಯಿಕುಕ್ಕೆ ಹಾಕಿ, ನಮ್ಮೂರಲ್ಲಿ ಎತ್ತಿಗೆ ಹಾಕುತ್ತಾರಲ್ಲ, ಹಾಗೆ. ಬೆಲ್ಟು ಸಾಲದು. ಏನಾದರೂ ತಿಂದರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ, ಆ ಕ್ಷಣವೇ ವೆಟ್ ಹತ್ತಿರ ಓಡಿ. ನಾನು ಎರಡು ಗಂಟೆ ಸುಮ್ನೆ ಕೂತಿದ್ದೆ.

ನಿನ್ನೆ ಯಜಮಾನರಿಂದ ಮತ್ತೆ ಮೆಸೇಜು. ಕೆಂಚ ವಾಂತಿ ಮಾಡಿದ ಕಾರ್ಪೆಟ್ ತೊಳೆಸಿದ್ದಕ್ಕೆ 180 ಡಾಲರ್ ಕಟ್ಟಬೇಕಂತೆ. ನಾನು ಕಟ್ಟುವುದಿಲ್ಲ.