ಕೊಟ್ಟಿಗೆಯ ಕರೆಂಟು: ತ್ರೀ ಫೇಸ್ ಮೋಟರ್, ಟ್ರೆಡ್‌ಮಿಲ್ ಮೋಟರ್, ಕಾರಿನ ಆಲ್ಟರ್ನೇಟರ್ – ಮೂರನ್ನೂ ಓಡಿಸಿ ನೋಡಿದೆ

ಗೋಬರ್ ಗ್ಯಾಸಿನ ಎಂಜಿನ್ನಿನಿಂದ ತಿರುಗಿಸಿ ಮನೆಗೆ ಕರೆಂಟು ತೆಗೆಯುವ ಪಂದ್ಯದಲ್ಲಿ ಗೆಲ್ಲಲಿ ಎಂದು ನಾನು ಹರಕೆ ಹೊತ್ತಿದ್ದು ತ್ರೀ ಫೇಸ್ ಮೋಟರಿಗೆ. ಗೆದ್ದದ್ದು, ಯಾರೋ ವ್ಯಾಯಾಮದ ಹುಮ್ಮಸ್ಸು ಇಳಿದ ಮೇಲೆ ಗುಜರಿಗೆ ಹಾಕಿದ ಟ್ರೆಡ್‌ಮಿಲ್ಲಿನ ಮೋಟರು. ಎರಡು ಮಳೆಗಾಲ ಇದೇ ಕೆಲಸದಲ್ಲಿ ಕಳೆದ ಮೇಲೂ ಈ ತೀರ್ಪು ನನಗೆ ಅಷ್ಟು ಇಷ್ಟವಾಗಿಲ್ಲ.

ಶಿರಸಿ ಕಡೆಯ ತೋಟದ ಮನೆ ನಮ್ಮದು. ಆಷಾಢದ ಗಾಳಿಗೆ ಒಂದು ಮರ ತಂತಿಯ ಮೇಲೆ ಒರಗಿದರೆ ಎರಡು ದಿನ, ಕೆಲವೊಮ್ಮೆ ನಾಲ್ಕು ದಿನ ಕರೆಂಟಿಲ್ಲ. ಮಾಡಿನ ಮೇಲಿನ ಸೋಲಾರ್ ಪ್ಯಾನೆಲ್ ಆ ದಿನಗಳಲ್ಲಿ ಬರೀ ಅಲಂಕಾರಕ್ಕೆ. ಕೊಟ್ಟಿಗೆಯಲ್ಲಿ ಐದು ದನ, ಪಕ್ಕದಲ್ಲಿ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಗುಂಡಿ, ಮೂಲೆಯಲ್ಲಿ ಸೀಮೆಎಣ್ಣೆ ಸಿಗದಾದ ಮೇಲೆ ಕೆಲಸವಿಲ್ಲದೆ ಕೂತ ಪಂಪಿನ ಎಂಜಿನ್. ಇವನ್ನು ಜೋಡಿಸಿದರೆ ದೀಪ ಉರಿಯಬಾರದೇಕೆ ಎಂಬ ಯೋಚನೆ ಯಾರಿಗಾದರೂ ಬರುವಂಥದ್ದೇ.

ತ್ರೀ ಫೇಸ್ ಮೋಟರು ಮನೆಯಲ್ಲೇ ಇತ್ತು. ಅಡಿಕೆ ಸುಲಿಯುವ ಹಳೆಯ ಯಂತ್ರದಿಂದ ಬಿಚ್ಚಿದ್ದು; 3 ಎಚ್‌ಪಿ, 415 ವೋಲ್ಟ್, ಸ್ಟಾರ್ ಜೋಡಣೆ (ಒಳಗಿನ ಮೂರು ವೈಂಡಿಂಗುಗಳ, ಅಂದರೆ ತಂತಿ ಸುರುಳಿಗಳ, ಒಂದೊಂದು ತುದಿ ಒಂದೇ ಕಡೆ ಸೇರಿದ್ದು), ಫಲಕದ ಮೇಲೆ 1430 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು. ಇಂಥ ಮೋಟರಿನೊಳಗೆ ಆಯಸ್ಕಾಂತವಿಲ್ಲ. ಆದರೂ ತಿರುಗುವ ಭಾಗವಾದ ರೋಟರಿನ ಕಬ್ಬಿಣದಲ್ಲಿ ಹಿಂದಿನ ಓಟದ ಕಾಂತತ್ವದ ಚೂರು ಉಳಿದಿರುತ್ತದೆ. 1500ಕ್ಕಿಂತ ತುಸು ಜೋರಾಗಿ ತಿರುಗಿಸಿ, ವೈಂಡಿಂಗಿಗೆ ಕಂಡೆನ್ಸರ್ ಕಟ್ಟಿದರೆ ಆ ಚೂರೇ ಬೆಳೆಯುತ್ತ ಹೋಗಿ ಪೂರ್ತಿ ವೋಲ್ಟೇಜಾಗುತ್ತದೆ. ಮೊದಲ ಸಲ ಮೀಟರಿನ ಮುಳ್ಳು ಸೊನ್ನೆಯ ಹತ್ತಿರ ತೂಕಡಿಸುತ್ತಿದ್ದು, ಎಚ್ಚರವಾದಂತೆ ಒಮ್ಮೆಲೇ 240ಕ್ಕೆ ಏರಿದಾಗ ಆದ ಸಂತೋಷಕ್ಕೆ ಲೆಕ್ಕವಿಲ್ಲ. ನನ್ನ ಪಕ್ಷಪಾತ ಶುರುವಾದದ್ದು ಅಲ್ಲಿಂದಲೇ.

ಮನೆಗೆ ಬೇಕಾದದ್ದು ಸಿಂಗಲ್ ಫೇಸ್. ಆದ್ದರಿಂದ ಆರು ತಂತಿಗಳನ್ನು ಬಿಚ್ಚಿ, ತುದಿಗೆ ತುದಿ ಸೇರಿಸಿ ತ್ರಿಕೋನದಂತೆ ಕಟ್ಟಿ ಸ್ಟಾರನ್ನು ಡೆಲ್ಟಾ ಮಾಡಿದೆ. 415ರ ಮೋಟರು 240ರದ್ದಾಯಿತು. ಒಂದು ಫೇಸಿಗೆ 36 ಮೈಕ್ರೋಫ್ಯಾರಡ್ ಕಂಡೆನ್ಸರ್, ಇನ್ನೊಂದಕ್ಕೆ ಅದರ ದುಪ್ಪಟ್ಟು 72, ಮೂರನೆಯದಕ್ಕೆ ಏನೂ ಇಲ್ಲ; ಮನೆಗೆ ಕರೆಂಟು 36 ಇರುವ ಫೇಸಿನಿಂದ. ಇದಕ್ಕೆ ಸಿ-2ಸಿ ಜೋಡಣೆ ಎನ್ನುತ್ತಾರೆ. ಮೋಟರಿನ ಶಕ್ತಿಯ ಸುಮಾರು ಶೇ 80ರವರೆಗೆ ಹೀಗೆ ತೆಗೆಯಬಹುದು. ಕೊಳ್ಳುವಾಗ ‘ರನ್ನಿಂಗ್’ ಕಂಡೆನ್ಸರನ್ನೇ, 440 ವೋಲ್ಟಿನದನ್ನೇ ಕೊಳ್ಳಬೇಕು. ಕಪ್ಪು ಡಬ್ಬಿಯ ‘ಸ್ಟಾರ್ಟಿಂಗ್’ ಕಂಡೆನ್ಸರ್ ಅಗ್ಗ ಎಂದು ಹಾಕಿದರೆ ಅದು ಪಟಾಕಿಯಾಗುತ್ತದೆ. ದುಪ್ಪಟ್ಟಿನದು ಯಾವ ಫೇಸಿಗೆ ಎಂಬುದನ್ನು ಮೋಟರು ತಿರುಗುವ ದಿಕ್ಕು ನಿರ್ಧರಿಸುತ್ತದೆ. ನಾನು ಉಲ್ಟಾ ಹಾಕಿದ್ದೆ. ಹತ್ತು ನಿಮಿಷದಲ್ಲಿ ಮೋಟರಿನ ಮೈ ಮುಟ್ಟಲಾಗದಷ್ಟು ಕಾದಿತು. ಎಂಜಿನ್ ನಿಂತ ಮೇಲೂ ಕಂಡೆನ್ಸರಿನಲ್ಲಿ ಕರೆಂಟು ಕೂತಿರುತ್ತದೆ ಎಂಬುದನ್ನು ರಿವೈಂಡಿಂಗ್ ಅಂಗಡಿಯವರು ಮೊದಲೇ ಹೇಳಿದ್ದರು. ನಾನು ಮುಟ್ಟಿಯೇ ನಂಬಿದೆ.

ಇದರ ಗುಣವೊಂದನ್ನು ಹೊಗಳಲೇಬೇಕು. ಎಲ್ಲಾದರೂ ಶಾರ್ಟ್ ಆದರೆ ಇದು ಸುಡುವುದಿಲ್ಲ, ಮುನಿಸಿಕೊಂಡು ಸುಮ್ಮನಾಗುತ್ತದೆ, ಅಷ್ಟೇ. ಹಾಗೆ ಸುಮ್ಮನಾದಾಗ ಕಾಂತತ್ವವನ್ನು ಕಳೆದುಕೊಳ್ಳುವುದೂ ಉಂಟು. ಎಂಜಿನ್ ನಿಲ್ಲಿಸಿ, 12 ವೋಲ್ಟ್ ಬ್ಯಾಟರಿಯ ತಂತಿಯನ್ನು ವೈಂಡಿಂಗಿಗೆ ಕ್ಷಣಕಾಲ ಮುಟ್ಟಿಸಿದರೆ ಮರಳಿ ಬರುತ್ತದೆ. ಬೇರಿಂಗ್ ಬಿಟ್ಟರೆ ಸವೆಯುವ ಭಾಗವೂ ಇಲ್ಲ.

ದೋಷ ಹೇಳಬೇಕೆಂದರೆ, ಇದಕ್ಕೆ ಸ್ಥಿತಪ್ರಜ್ಞ ಎಂಜಿನ್ ಬೇಕು. ವೇಗ ಸ್ವಲ್ಪ ಇಳಿದರೆ ವೋಲ್ಟೇಜ್ ಕುಸಿಯುತ್ತದೆ, ಏರಿದರೆ ಜಿಗಿಯುತ್ತದೆ. ಒಂದು ಸಂಜೆ ಮಿಕ್ಸಿ ನಿಲ್ಲಿಸಿದ ಕೂಡಲೇ ಮೀಟರು 290 ತೋರಿಸಿತು. ಏಳು ಎಲ್‌ಇಡಿ ಬಲ್ಬುಗಳು ಒಟ್ಟಿಗೇ ಹೋದವು. ಫ್ರಿಜ್ಜಿನ ಕಂಪ್ರೆಸರಂತೂ ಚಾಲೂ ಆಗುವ ಕ್ಷಣದಲ್ಲಿ ಕಂಡೆನ್ಸರಿನ ಕಸುವನ್ನೆಲ್ಲ ಹೀರಿಕೊಂಡು ಇಡೀ ಮನೆಯನ್ನು ಕತ್ತಲೆಗೆ ತಳ್ಳುತ್ತಿತ್ತು.

ಆಗಲೇ ನನ್ನ ದೃಷ್ಟಿ ಮೋಟರಿನಿಂದ ಗ್ಯಾಸಿನ ಕೊಳವೆಯ ಕಡೆ ಹೊರಳಿದ್ದು. ದೀನಬಂಧು ಗುಂಡಿಯ ಗುಮ್ಮಟ ಅಲುಗುವುದಿಲ್ಲ. ಗ್ಯಾಸು ತುಂಬಿದ್ದಾಗ ಒತ್ತಡ ಹೆಚ್ಚು, ಖಾಲಿಯಾಗುತ್ತ ಬಂದಂತೆ ಕಡಿಮೆ. ಹಳೆಯ ಕಾಲದ ಕಬ್ಬಿಣದ ತೇಲುವ ಡ್ರಮ್ಮಿನ ಗುಂಡಿಗಳಲ್ಲಿ ಡ್ರಮ್ಮಿನ ಭಾರವೇ ಒತ್ತಡವನ್ನು ಒಂದೇ ಮಟ್ಟದಲ್ಲಿ ಇಡುತ್ತಿತ್ತು. ತುಕ್ಕಿನ ಕಾಟವೆಂದು ಅವನ್ನು ಬಿಟ್ಟೆವು. ಎಂಜಿನ್ನಿಗೆ ಬೇಕಾದದ್ದು ಮಾತ್ರ ಆ ಒಂದೇ ಮಟ್ಟದ ಒತ್ತಡವೇ. ನನ್ನ ಎಂಜಿನ್ ಮೊದಲ ಕಾಲು ಗಂಟೆ ಚೆನ್ನಾಗಿ ಓಡಿ, ಆಮೇಲೆ ಏದುಸಿರು ಬಿಡುತ್ತಿದ್ದುದು ಇದರಿಂದ. ಪ್ರತಿ ಐದು ನಿಮಿಷಕ್ಕೆ ಒಬ್ಬರು ಹೋಗಿ ವಾಲ್ವು ತಿರುವಬೇಕಿತ್ತು.

ಕಾರಿನ ಆಲ್ಟರ್ನೇಟರ್ ವಿಚಾರವನ್ನು ಬೇಗ ಮುಗಿಸುತ್ತೇನೆ. ಮೋಟರನ್ನೇ ಬದಲಾಯಿಸಿ ನೋಡೋಣ ಎಂದು 1,800 ರೂಪಾಯಿಗೆ ಹಳೆಯದೊಂದನ್ನು ತಂದೆ. ಒಳಗೇ ರೆಗ್ಯುಲೇಟರ್ ಇರುವುದರಿಂದ ಎಂಜಿನ್ ಎಷ್ಟು ಕುಣಿದರೂ 14 ವೋಲ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಆ ಮಟ್ಟಿಗೆ ಸಜ್ಜನ. ಆದರೆ ಕೊಟ್ಟ ಶಕ್ತಿಯ ಅರ್ಧದಷ್ಟನ್ನು ಬಿಸಿ ಮಾಡಿ ಕಳೆಯುತ್ತದೆ, ಮತ್ತು ನಮ್ಮ ಇನ್ವರ್ಟರು 48 ವೋಲ್ಟಿನದು. ನಾಲ್ಕು ಬ್ಯಾಟರಿಗಳನ್ನು ಬಿಡಿಬಿಡಿಯಾಗಿ ಚಾರ್ಜ್ ಮಾಡುತ್ತ ಕೂರುವ ತಾಳ್ಮೆ ನನಗಿಲ್ಲ. ಬರೀ ಒಂದು ಬ್ಯಾಟರಿ, ನಾಲ್ಕು ದೀಪ ಸಾಕೆನ್ನುವವರಿಗೆ ಇದು ಒಗ್ಗಬಹುದು.

ಟ್ರೆಡ್‌ಮಿಲ್ ಮೋಟರು ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿತು, 2,500 ರೂಪಾಯಿ. 180 ವೋಲ್ಟ್ ಡಿಸಿ, 4500 ಆರ್‌ಪಿಎಂ, ಒಳಗೆ ಶಾಶ್ವತ ಆಯಸ್ಕಾಂತ. ಲೆಕ್ಕ ಸರಳ: 25 ಸುತ್ತಿಗೆ ಒಂದು ವೋಲ್ಟ್. 1500 ಆರ್‌ಪಿಎಂನಲ್ಲಿ ತಿರುಗಿಸಿದರೆ 60 ವೋಲ್ಟ್, 48 ವೋಲ್ಟಿನ ಬ್ಯಾಟರಿ ಸಾಲಿಗೆ ಹೇಳಿ ಮಾಡಿಸಿದಂತೆ. ನಡುವೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ದಪ್ಪನೆಯ ಡಯೋಡ್ ಒಂದು ಬೇಕು; ಇಲ್ಲವಾದರೆ ಎಂಜಿನ್ ನಿಂತೊಡನೆ ಬ್ಯಾಟರಿಯೇ ಮೋಟರನ್ನು ತಿರುಗಿಸತೊಡಗುತ್ತದೆ.

ಇದೂ ನನ್ನನ್ನು ಸುಮ್ಮನೆ ಬಿಡಲಿಲ್ಲ. ಇದರ ಭಾರವಾದ ಚಕ್ರವನ್ನು ಶಾಫ್ಟಿಗೆ ತಿರುಪಿನಿಂದ ಕೂರಿಸಿರುತ್ತಾರೆ. ಮೊದಲು ಮೋಟರು ಚಕ್ರವನ್ನು ಎಳೆಯುತ್ತಿತ್ತು, ಈಗ ಚಕ್ರ ಮೋಟರನ್ನು ಎಳೆಯುತ್ತದೆ. ಹಿಂದಿನ ದಿಕ್ಕಿನಲ್ಲೇ ಓಡಿಸಿದರೆ ತಿರುಪು ಬಿಗಿಯುವ ಬದಲು ಬಿಚ್ಚುತ್ತದೆ. ಇದು ನನಗೆ ಹೊಳೆದದ್ದು ಚಕ್ರ ಕಳಚಿ ಕೊಟ್ಟಿಗೆಯ ಗೋಡೆಯ ಗಾರೆ ಕೆಡವಿದ ಮೇಲೆ. ದನ ಹಗ್ಗ ಕಿತ್ತುಕೊಂಡಿತು. ಈಗ ಉಲ್ಟಾ ದಿಕ್ಕಿನಲ್ಲಿ ಓಡಿಸುತ್ತೇನೆ, ಚಕ್ರದ ಸುತ್ತ ಕಬ್ಬಿಣದ ಗೂಡು ಕೂರಿಸಿದ್ದೇನೆ.

9 ಆಂಪಿಯರ್ ಮೀರಿಸಿದರೆ ಇದು ಬಿಸಿಯಾಗುತ್ತದೆ. ಅಂದರೆ 500 ವಾಟ್ ಆಸುಪಾಸು, ತ್ರೀ ಫೇಸ್ ಮೋಟರು ಕೊಡುತ್ತಿದ್ದ 900ರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಬ್ರಷ್ ಸವೆಯುತ್ತದೆ. ರೆಗ್ಯುಲೇಟರ್ ಇಲ್ಲದ್ದರಿಂದ ಬ್ಯಾಟರಿ 57.6 ವೋಲ್ಟಿಗೆ ಬಂದಾಗ ಎಂಜಿನ್ ಆರಿಸುವ ರಿಲೇಯೊಂದನ್ನು ನಾನೇ ಜೋಡಿಸಬೇಕಾಯಿತು. ಕಾಗದದ ಮೇಲೆ ಎಲ್ಲ ಅಂಕವೂ ತ್ರೀ ಫೇಸಿಗೇ.

ಆದರೆ ನಮ್ಮ ಮನೆಯ ಸಂಜೆಯನ್ನು ನೋಡಿ. ದೀಪ, ಎರಡು ಫ್ಯಾನು, ಟಿವಿ, ವೈಫೈ – ಎಲ್ಲ ಸೇರಿ 150 ವಾಟ್. ಅಷ್ಟಕ್ಕಾಗಿ ತ್ರೀ ಫೇಸ್ ಮೋಟರನ್ನು ನಾಲ್ಕು ಗಂಟೆ ತಿರುಗಿಸಬೇಕು. ಎಂಜಿನ್ ಹೆಚ್ಚುಕಡಿಮೆ ಖಾಲಿ ಓಡುತ್ತಲೇ ಒಂದೂವರೆ ಘನ ಮೀಟರಿಗೂ ಹೆಚ್ಚು ಗ್ಯಾಸು ಕುಡಿದು, ಮುಕ್ಕಾಲು ಯುನಿಟ್ಟೂ ಕೊಡುವುದಿಲ್ಲ. ಟ್ರೆಡ್‌ಮಿಲ್ ಮೋಟರು ಒಂದೂವರೆ ಗಂಟೆ ಓಡಿ, ಸುಮಾರು ಒಂದು ಘನ ಮೀಟರಿನಲ್ಲಿ ಮುಕ್ಕಾಲು ಯುನಿಟ್ಟನ್ನು ಬ್ಯಾಟರಿಗೆ ತುಂಬಿ ಮಲಗುತ್ತದೆ. ಬ್ಯಾಟರಿ ಅದರಲ್ಲಿ ಕಾಲು ಪಾಲು ತಿಂದರೂ ರಾತ್ರಿಯಿಡೀ ಸದ್ದಿಲ್ಲ. ಇನ್ನು ಗ್ಯಾಸಿನ ಒತ್ತಡ ಏರಿಳಿದರೆ ಆಂಪಿಯರ್ ಏರಿಳಿಯುತ್ತದೆ, ಬಲ್ಬಿಗೆ ಅದರ ಸುದ್ದಿಯೇ ಇಲ್ಲ. ಇಷ್ಟು ದಿನ ನಾನು ಮೋಟರುಗಳ ನಡುವೆ ಪಂದ್ಯ ನಡೆಸುತ್ತಿದ್ದೆ. ನಿಜವಾದ ಪ್ರಶ್ನೆ, ಎಂಜಿನ್ನಿನ ಹೊಯ್ದಾಟವನ್ನು ಯಾರು ನುಂಗುತ್ತಾರೆ ಎಂಬುದಾಗಿತ್ತು.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗದವರು 1987ರಿಂದ ಊರಿನ ಸಗಣಿಯ ಗ್ಯಾಸಿನಿಂದ ದೀಪ ಉರಿಸಿ, ನೀರು ಎತ್ತಿದರು. ಮರುವರ್ಷ ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಕಟ್ಟಿಗೆಯ ಗ್ಯಾಸು. ಎರಡು ಕಡೆಯೂ ಡೀಸೆಲ್ ಎಂಜಿನ್, ಗ್ಯಾಸಿನೊಂದಿಗೆ ಸ್ವಲ್ಪ ಡೀಸೆಲ್ಲೂ ಹೋಗುತ್ತಿತ್ತು. ಗ್ಯಾಸು ತಡವರಿಸಿದರೆ ಆಸರೆಗೆ ಡೀಸೆಲ್ ಇತ್ತು. ನನ್ನ ಕೊಟ್ಟಿಗೆಯಲ್ಲಿ ಆ ಆಸರೆ ಬ್ಯಾಟರಿಯದು.

ಹೊಸಹಳ್ಳಿಯ ನೆನಪಿನಲ್ಲೇ ನಾನೂ ಗೆರಟೆ ಇದ್ದಿಲಿನ ಗ್ಯಾಸು ಮಾಡಿ ನೋಡಿದೆ. ಇದ್ದಿಲನ್ನು ಅಡಿಕೆಯ ಗಾತ್ರಕ್ಕೆ ಒಡೆದು ಡಬ್ಬಿಗೆ ತುಂಬಿ, ಕೊಳವೆಯಿಂದ ಗಾಳಿ ಎಳೆಸಿ, ಹೊರಬಂದದ್ದನ್ನು ತೆಂಗಿನ ನಾರಿನಲ್ಲಿ ಸೋಸಿ ಎಂಜಿನ್ನಿಗೆ ಕೊಡುವುದು. ಎರಡನೇ ಮಹಾಯುದ್ಧದ ಕಾಲದ ಇದ್ದಿಲ ಬಸ್ಸುಗಳ ವಿದ್ಯೆ ಇದೇ. ಗೋಬರ್ ಗ್ಯಾಸಿಗೆ ಆರು ಪಾಲು ಗಾಳಿ ಬೇಕಾದರೆ ಇದಕ್ಕೆ ಸಮ ಪಾಲು ಸಾಕು. ಆದರೆ ಸಾರ ಕಡಿಮೆ, ಎಂಜಿನ್ನಿನ ಕಸುವು ಅರ್ಧಕ್ಕೆ ಇಳಿಯುತ್ತದೆ. ಒಂದು ಯುನಿಟ್ಟಿಗೆ ಒಂದೂವರೆ ಕಿಲೋ ಇದ್ದಿಲು, ಅದಕ್ಕೆ ಐದು ಕಿಲೋ ಗೆರಟೆ. ಅಷ್ಟು ಕಾಯಿ ಒಡೆಯಲು ನಮ್ಮಲ್ಲಿ ದಿನಾ ಮದುವೆ ನಡೆಯಬೇಕು. ಅದಕ್ಕಿಂತ ದೊಡ್ಡ ಆಕ್ಷೇಪ, ಈ ಗ್ಯಾಸಿನ ಐದರಲ್ಲೊಂದು ಪಾಲಿಗೂ ಹೆಚ್ಚು ಕಾರ್ಬನ್ ಮೊನಾಕ್ಸೈಡ್. ವಾಸನೆಯಿಲ್ಲ, ಬಣ್ಣವಿಲ್ಲ, ಉಸಿರಾಡಿದವರನ್ನು ಎಬ್ಬಿಸುವುದಿಲ್ಲ. ಬಯಲಿನಲ್ಲಿ ಬಿಟ್ಟು ಬೇರೆಲ್ಲೂ ಮಾಡಬಾರದು, ಮಳೆಗಾಲದಲ್ಲಿ ಬಯಲೆಲ್ಲಿದೆ? ಬಿಟ್ಟೆ.

ಗೋಬರ್ ಗ್ಯಾಸಿನಲ್ಲಿರುವ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಎಂಜಿನ್ನಿನ ಹಿತ್ತಾಳೆ, ತಾಮ್ರಗಳನ್ನು ತಿನ್ನುತ್ತದೆ. ಅದನ್ನು ಹಿಡಿಯಲು ಲೇತ್ ಅಂಗಡಿಯ ಕಬ್ಬಿಣದ ಸುರುಳಿಗಳನ್ನು ತುಕ್ಕು ಹಿಡಿಸಿ ಪಿವಿಸಿ ಕೊಳವೆಯಲ್ಲಿ ತುಂಬಿ, ಅದರ ಮೂಲಕ ಗ್ಯಾಸು ಹಾಯಿಸುತ್ತೇನೆ. ಸುರುಳಿ ಕಪ್ಪಾದಾಗ ಹೊರಗೆ ಹರಡಿದರೆ ಮತ್ತೆ ಕೆಂಪಾಗುತ್ತದೆ. ಆಗ ಅದು ಕಾಯುವುದರಿಂದ ಒಣಹುಲ್ಲಿನ ಹತ್ತಿರ ಹರಡಬಾರದು.

ತ್ರೀ ಫೇಸ್ ಮೋಟರನ್ನು ಮನೆಯ ವೈರಿಂಗಿಗೆ ಕೊಡುತ್ತಿದ್ದಾಗ ನಡುವೆ ಲೈನಿನ ಕರೆಂಟೂ ನಮ್ಮದೂ ಸೇರಲು ಬಿಡದ ಚೇಂಜ್‌ಓವರ್ ಸ್ವಿಚ್ ಹಾಕಿಸಿದ್ದೆ. ಅದಿಲ್ಲದೆ ಕೊಟ್ಟರೆ ನಮ್ಮ 240 ವೋಲ್ಟ್ ಊರಿನ ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಹಾದು 11 ಸಾವಿರವಾಗುತ್ತದೆ, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಕೈಗೆ ತಾಗುತ್ತದೆ.

ಈಗಿನ ತಕರಾರು ಮೋಟರಿನದಲ್ಲ. ಐದು ದನದ ಸಗಣಿಯಿಂದ ದಿನಕ್ಕೆ ಮೂರು ಘನ ಮೀಟರ್ ಗ್ಯಾಸು ಬೇಸಿಗೆಯ ಮಾತು. ಮಳೆಗಾಲದ ಥಂಡಿಯಲ್ಲಿ ಎರಡೂವರೆ ದಾಟುವುದು ಕಷ್ಟ, ಅದರಲ್ಲಿ ಒಂದೂವರೆ ಒಲೆಗೆ. ಕರೆಂಟು ಹೋಗುವುದೂ ಆಗಲೇ, ಗ್ಯಾಸು ಕಡಿಮೆಯಾಗುವುದೂ ಆಗಲೇ. ಹೋದ ಜುಲೈಯಲ್ಲಿ ಒಂದು ದಿನ ನಾನು ಮಧ್ಯಾಹ್ನವೇ ಎಂಜಿನ್ ಹಚ್ಚಿದ್ದೆ. ಸಂಜೆ ಚಹಾಕ್ಕೆ ನೀರಿಟ್ಟರೆ ಒಲೆ ಪುಸಕ್ಕೆಂದಿತು. ಕೊಟ್ಟಿಗೆಯ ಗ್ಯಾಸಿನ ವಾಲ್ವಿಗೆ ಈಗ ಬೀಗವಿದೆ. ಕೀಲಿ ಅಡುಗೆಮನೆಯಲ್ಲಿ, ಹೆಂಡತಿಯ ಹತ್ತಿರ; ರಾತ್ರಿಯ ಅನ್ನ ಇಳಿದ ಮೇಲೆ ಸಿಗುತ್ತದೆ.