ಯಾಮಾಕೋಶಿಯ ಮೆಣಸಿನಕಾಯಿ ಮಿಸೊ, ರೊಟ್ಟಿ ಜೊತೆ

ಮೊದಲು ಖಾರದ ಮಾತು. ನಾನು ಕಲಬುರಗಿ ಕಡೆಯವನು, ಜೋಳದ ರೊಟ್ಟಿಗೆ ರಂಜಕ ಹಚ್ಚಿಕೊಂಡು ತಿಂದು ಬೆಳೆದವನು. ಟೋಕಿಯೋದಲ್ಲಿ ‘ತುಂಬಾ ಖಾರ’ ಅಂತ ಬರೆದ ಬಾಟಲಿ ಕೊಂಡು ಎಷ್ಟು ಸಲ ಮೋಸ ಹೋಗಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಜಪಾನಿನ ನೀಗಾತಾ ಪ್ರಾಂತ್ಯದ ಬೆಟ್ಟದೂರು ಯಾಮಾಕೋಶಿಯಲ್ಲಿ ಈ ಪುಟ್ಟ ಬಾಟಲಿ ಕೊಂಡಾಗಲೂ ಆಸೆ ಇಟ್ಟುಕೊಂಡಿರಲಿಲ್ಲ.

ಕಗುರಾ ನನ್ಬನ್ ಅನ್ನುವುದು ಅಲ್ಲಿನ ಮೆಣಸಿನಕಾಯಿ. ನೋಡಲು ಸುಕ್ಕುಗಟ್ಟಿದ ಡೊಣ್ಣೆ ಮೆಣಸಿನಕಾಯಿ ಥರ. ಸಿಪ್ಪೆ ಸಿಹಿ, ಖಾರವೆಲ್ಲ ಬೀಜದ ಸುತ್ತಲಿನ ಬಿಳಿ ನಾರಿನಲ್ಲಿ. ಅದನ್ನು ಹೆಚ್ಚಿ ಮಿಸೊದಲ್ಲಿ, ಅಂದರೆ ಸೋಯಾ ಕಾಳು ಹುದುಗಿಸಿ ಮಾಡುವ ಉಪ್ಪಿನ ಮುದ್ದೆಯಲ್ಲಿ, ಬೇಯಿಸಿದ್ದಾರೆ. ಬಾಯಿಗಿಟ್ಟ ಕೂಡಲೇ ಉಪ್ಪು, ಆಮೇಲೆ ಸಿಹಿ, ‘ಅಷ್ಟೇನಾ’ ಅಂದುಕೊಳ್ಳುವಷ್ಟರಲ್ಲಿ ಖಾರ ಬರುತ್ತದೆ. ರಂಜಕದ ಹುಳಿ ಇಲ್ಲ, ಬೆಳ್ಳುಳ್ಳಿ ಘಾಟೂ ಇಲ್ಲ. ಆದರೂ ಬಿಸಿ ರೊಟ್ಟಿಗೆ ಸ್ವಲ್ಪ ಎಣ್ಣೆ ಹಾಕಿಕೊಂಡು ಹಚ್ಚಿದರೆ ಹೊಂದುತ್ತದೆ. ಮೊಸರನ್ನಕ್ಕೆ ಬೇಡ, ನಾನು ಮಾಡಿ ಕೆಡಿಸಿಕೊಂಡೆ.

ಬಾಟಲಿ ಕೊಂಡದ್ದು ‘ಒರಾತಾರು’ ಅನ್ನುವ ಕಟ್ಟಡದಲ್ಲಿ. ಭೂಕಂಪ ಮತ್ತು ಆಮೇಲಿನ ಕಥೆ ಹೇಳಲು 2013ರಲ್ಲಿ ತೆರೆದ ಜಾಗ. 2004ರ ಅಕ್ಟೋಬರ್ 23ರ ಸಂಜೆ ನೀಗಾತಾ ಪ್ರಾಂತ್ಯದಲ್ಲಿ 6.8 ತೀವ್ರತೆಯ ಭೂಕಂಪವಾಯಿತು. ಬೆಟ್ಟಗಳು ಜಾರಿ ಯಾಮಾಕೋಶಿಯ ರಸ್ತೆಗಳೆಲ್ಲ ಮುಚ್ಚಿಹೋದವು. ಸುಮಾರು 2,200 ಜನರ ಇಡೀ ಊರನ್ನು ಹೆಲಿಕಾಪ್ಟರ್‌ನಲ್ಲಿ ಪಕ್ಕದ ನಾಗಾವೊಕಾ ನಗರಕ್ಕೆ ಸಾಗಿಸಿದರು.

ನನಗೆ 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಾದ ಭೂಕಂಪ ನೆನಪಾಯಿತು. ಆ ನಸುಕಿನಲ್ಲಿ ನಮ್ಮ ಮನೆಯ ಪಾತ್ರೆಗಳೂ ಗಲಗಲ ಅಂದಿದ್ದವು. ಅಪ್ಪ ನಮ್ಮನ್ನೆಲ್ಲ ಅಂಗಳಕ್ಕೆ ಎಳೆದುಕೊಂಡು ಬಂದಿದ್ದರು. ಕಿಲ್ಲಾರಿ ಕಡೆ ಐವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಹೊಸ ಜಾಗಕ್ಕೆ ಎತ್ತಿಟ್ಟರು. ನಾನು ಕಂಡ ಒಂದು ಹೊಸ ಊರಿನಲ್ಲಿ ಗೆರೆ ಎಳೆದ ಹಾಗೆ ಬೀದಿಗಳು. ಮನೆ ಗಟ್ಟಿಯೇನೋ ಹೌದು. ಆದರೆ ಸಂಜೆ ಎಲ್ಲಿ ಕೂತು ಮಾತಾಡಬೇಕು ಅಂತ ಮುದುಕರಿಗೆ ತಿಳಿಯದಂತಿತ್ತು.

ಯಾಮಾಕೋಶಿಯವರು ಇದನ್ನು ಬೇರೆ ಥರ ಮಾಡಿದರು. ತಾತ್ಕಾಲಿಕ ಮನೆಗಳಲ್ಲೇ ಒಂದೊಂದು ಕೇರಿಯವರನ್ನು ಒಟ್ಟಿಗೆ ಇಟ್ಟರು, ಪಕ್ಕದ ಮನೆಯವರು ಪಕ್ಕದಲ್ಲೇ. ‘ಯಾಮಾಕೋಶಿಗೆ ಮರಳೋಣ’ ಅನ್ನುವುದು ಊರಿನ ಮೇಯರ್ ನಾಗಾಶಿಮಾ ತಾದಾಯೋಶಿ ಅವರ ಕೂಗಾಗಿತ್ತು. ಹಿಂದಿರುಗಿದ ಮೇಲೆ ಪರಿಹಾರ ನಿಧಿಯಿಂದ ಕೇರಿಯ ದೇವರ ಗುಡಿಗಳನ್ನೂ ರಿಪೇರಿ ಮಾಡಿಕೊಂಡರು. ಲೆಕ್ಕಪತ್ರದವರು ಗುಡಿಗೆ ಒಪ್ಪಿದ್ದೇ ನನಗೆ ಆಶ್ಚರ್ಯ.

ಹಾಗಂತ ಜನ ಉಳಿದಿದ್ದಾರಾ? ಮರಳಿದವರು ಸುಮಾರು ಎಪ್ಪತ್ತು ಶೇಕಡಾ. ಈಗ 800 ಕೂಡ ಇಲ್ಲ, ಹೆಚ್ಚಿನವರು ವಯಸ್ಸಾದವರು. 2021ರ ಡಿಸೆಂಬರಿನಿಂದ ಇಲ್ಲಿನ ಬಣ್ಣದ ಕೋಯಿ ಮೀನಿನ ಚಿತ್ರವನ್ನು ಎನ್‌ಎಫ್‌ಟಿಯಾಗಿ, ಅಂದರೆ ಇಂಥವರದ್ದು ಅಂತ ದಾಖಲಾಗುವ ಡಿಜಿಟಲ್ ಚಿತ್ರವಾಗಿ, ಮಾರುತ್ತಾರೆ. ಕೊಂಡವರು ‘ಡಿಜಿಟಲ್ ಊರವರು’. ಅವರ ಸಂಖ್ಯೆ ನಿಜವಾದ ಊರವರಿಗಿಂತ ಜಾಸ್ತಿಯಾಗಿದೆ! ಮೊದಲು ನನಗೆ ನಗು ಬಂತು. ಆದರೆ ಅವರಲ್ಲಿ ಕೆಲವರು ಹಿಮ ಎತ್ತಲು ಬರುತ್ತಾರೆ ಅಂತ ಅಂಗಡಿಯ ಅಜ್ಜಿ ಹೇಳಿದರು. ಚಳಿಗಾಲದಲ್ಲಿ ಇಲ್ಲಿ ಮೂರು ಮೀಟರ್ ಹಿಮ ಬೀಳುತ್ತದೆ. ಹಿಮ ಎತ್ತುವ ಕೈ ಎಲ್ಲಿಂದ ಬಂದರೇನು, ಅಲ್ವಾ?

ಬಾಟಲಿಗೆ ಐದಕ್ಕೆ ನಾಲ್ಕು. ಒಂದು ಕಳೆದದ್ದು ಅಳತೆಗೆ: ಇಬ್ಬರಿರುವ ಮನೆಗೆ ಒಂದು ವಾರವೂ ಬರಲಿಲ್ಲ. ಬೆಲೆ ಒಂದು ರಾಮೆನ್ ಬಟ್ಟಲಿಗಿಂತ ಕಡಿಮೆ. ಲೇಬಲ್ ಪೂರ್ತಿ ಜಪಾನೀ ಭಾಷೆಯಲ್ಲಿದೆ, ಸಸ್ಯಾಹಾರಿಗಳು ಕೇಳಿಯೇ ಕೊಳ್ಳಿ.

ಹೋಗುವುದಾದರೆ ಟೋಕಿಯೋದಿಂದ ನಾಗಾವೊಕಾವರೆಗೆ ಶಿಂಕಾನ್‌ಸೆನ್ (ಬುಲೆಟ್ ರೈಲು), ಅಲ್ಲಿಂದ ಬಾಡಿಗೆ ಕಾರು. ಬಸ್ ಇದೆ, ಆದರೆ ದಿನಕ್ಕೆ ಬೆರಳೆಣಿಕೆಯಷ್ಟು. ನಾನು ಬಸ್ ನಂಬಿ ಹೋಗಿ ಕೊನೆಯದು ತಪ್ಪಿಸಿಕೊಂಡೆ. ಟ್ಯಾಕ್ಸಿಗೆ ಕೊಟ್ಟ ದುಡ್ಡಿನಲ್ಲಿ ಎಷ್ಟು ಬಾಟಲಿ ಬರುತ್ತಿತ್ತು ಅಂತ ಹೆಂಡತಿ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದಳು.