ಓವ್ಯುಲೇಷನ್ ಕಿಟ್: 11 ತಿಂಗಳು ಬಳಸಿದ ಮೇಲೆ

ಅಂಡ ಯಾವಾಗ ಹೊರಬರುತ್ತದೆ ಅಂತ ಮೂತ್ರ ನೋಡಿ ಹೇಳುವ ಈ ಪಟ್ಟಿಗಳನ್ನು ಮೊದಲ ಐದು ತಿಂಗಳು ನಾನು ಬೆಳಿಗ್ಗೆ ಎದ್ದ ಕೂಡಲೇ ಬಳಸುತ್ತಿದ್ದೆ. ಬಸಿರು ನೋಡುವ ಕಿಟ್‌ಗೆ ಬೆಳಗಿನ ಮೂತ್ರ ಬೇಕಲ್ವಾ, ಇದಕ್ಕೂ ಹಾಗೇ ಅಂದುಕೊಂಡೆ. ತಪ್ಪು. ಅಂಡ ಹೊರಬರುವ 24ರಿಂದ 36 ಗಂಟೆ ಮೊದಲು ಎಲ್‌ಎಚ್ ಹಾರ್ಮೋನು ಏರುತ್ತದೆ, ಪಟ್ಟಿ ಹಿಡಿಯುವುದು ಅದನ್ನೇ. ತುಂಬಾ ಜನರಿಗೆ ಅದು ಬೆಳಗಿನ ಜಾವ ಶುರುವಾಗಿ, ಮೂತ್ರದಲ್ಲಿ ಕಾಣುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ಡಬ್ಬಿಯೊಳಗಿನ ಚೀಟಿಯಲ್ಲಿ ಈ ಮಾತು ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿದೆ. ಬಿಡಿಸಿ ಹೇಳಿದ್ದು ಡಾಕ್ಟರಮ್ಮ. ಪಟ್ಟಿಗೆ 40 ರೂಪಾಯಿಯಂತೆ ಹೋದ ದುಡ್ಡು ಹೋಗಲಿ. 'ಏನಾದ್ರೂ ವಿಶೇಷನಾ?' ಅಂತ ಅತ್ತೆ ಕೇಳಿದಾಗಲೆಲ್ಲ ನನ್ನಲ್ಲೇ ಏನೋ ಕೊರತೆ ಅಂತ ಅತ್ತಿದ್ದೇನೆ. ಆ ಸಿಟ್ಟು ಇನ್ನೂ ಹೋಗಿಲ್ಲ.

ಫೋನಿನ ಆಪ್ ಅಂತೂ ಅಂಡ ಹೊರಬರುವುದು ಮುಟ್ಟು ಶುರುವಾದಾಗಿನಿಂದ 14ನೇ ದಿನ ಅಂತಲೇ ತೋರಿಸುತ್ತಿತ್ತು. ನನ್ನ ಮುಟ್ಟು ಬರುವುದೇ 33 ದಿನಕ್ಕೆ. ಅದನ್ನು ತೆಗೆದುಹಾಕಿದೆ.

ಈಗ ಮಧ್ಯಾಹ್ನ ಮೂರಕ್ಕೆ ನೋಡುತ್ತೇನೆ. ಅದಕ್ಕೆ ಮೊದಲು ಎರಡು ಗಂಟೆ ಜಾಸ್ತಿ ನೀರು ಕುಡಿಯಬಾರದು, ಕುಡಿದರೆ ಗೆರೆ ಮಸುಕಾಗುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಇದು ಸುಲಭವಲ್ಲ. ಹನ್ನೆರಡೂವರೆಗೇ ಎರಡು ಲೋಟ ಮಜ್ಜಿಗೆ ಕುಡಿದುಬಿಡುತ್ತೇನೆ. ಎರಡನೇ ಗೆರೆ ಬಂದರೆ ಸಾಲದು, ಪಕ್ಕದ ಗೆರೆಯಷ್ಟಾದರೂ ಗಾಢವಾಗಿರಬೇಕು. ನನಗೆ ಮೊದಲ ಸಲ ಹಾಗೆ ಕಂಡದ್ದು 19ನೇ ದಿನ. ಆಫೀಸಿನ ಬಾತ್‌ರೂಮಿನಲ್ಲಿ ಪಟ್ಟಿ ಹಿಡಿದ ಕೈ ನಡುಗುತ್ತಿತ್ತು.

ನಿಜವಾಗಿ ಇಷ್ಟವಾಗಿದ್ದು ಜೊತೆಗೆ ತಂದ ಥರ್ಮಾಮೀಟರ್. ಚುಕ್ಕಿಯ ನಂತರ ಎರಡು ಅಂಕಿ ತೋರಿಸುವಂಥದ್ದೇ ಬೇಕು. ಐದೂವರೆಗೆ ಅಲಾರಂ, ಹಾಸಿಗೆಯಿಂದ ಏಳುವ ಮೊದಲೇ ನಾಲಿಗೆ ಕೆಳಗೆ. ಬೀಪ್ ಅಂದ ಕೂಡಲೇ ನಮ್ಮ ಮನೆಯವರು ನಿದ್ದೆಗಣ್ಣಲ್ಲೇ ದಿಂಬಿನ ಕೆಳಗಿನ ಡೈರಿ ಎಳೆದು ಅಂಕಿ ಬರೆಯುತ್ತಾರೆ. 'ಬರೆದೆ, ಮಲಗು' ಅಂತಾರೆ. ಭಾನುವಾರವೂ ಇದಕ್ಕೆ ರಜೆಯಿಲ್ಲ. ಹಾಗೇ ಎದ್ದು ಇಬ್ಬರೂ ಬೆಣ್ಣೆ ದೋಸೆಗೆ ಹೋಗುವುದು ಈಗ ರೂಢಿಯಾಗಿದೆ. ಮೈ ಶಾಖ 36.4ರಿಂದ 36.7 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಅಲ್ಲೇ ನಿಂತರೆ ಅಂಡ ಬಿಡುಗಡೆಯಾಗಿದೆ ಅಂತ ಅರ್ಥ. ಆಮೇಲೆ ತಿಳಿಯುವ ವಿಷಯ ಅದು, ಮುಂಚೆ ಹೇಳುವುದು ಪಟ್ಟಿ ಮಾತ್ರ. ಎರಡೂ ಒಂದೇ ಮಾತು ಹೇಳಿದ ತಿಂಗಳು ನನ್ನ ದೇಹದ ಮೇಲೆ ನನಗೆ ನಂಬಿಕೆ ಬಂತು.

ಪಿಸಿಓಡಿ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇರುವವರು ಪಟ್ಟಿಯೊಂದನ್ನೇ ನಂಬಬೇಡಿ. ಎಲ್‌ಎಚ್ ಮೊದಲೇ ಜಾಸ್ತಿ ಇದ್ದರೆ ಸುಮ್‌ಸುಮ್ನೆ ಗಾಢ ಗೆರೆ ಬರುತ್ತದೆ. ನನ್ನ ತಂಗಿಗೆ ಹಾಗೇ ಆಗಿ, ಕೊನೆಗೆ ಸ್ಕ್ಯಾನ್ ಮಾಡಿಸಿದ ಮೇಲೆಯೇ ಸರಿಯಾಗಿ ತಿಳಿಯಿತು.

ಇವತ್ತು 17ನೇ ದಿನ. ಗೆರೆ ನಿನ್ನೆಗಿಂತ ಸ್ವಲ್ಪ ಗಾಢವಾಗಿದೆ.